ಸಿಡಿಯೊಳಗಿನ ಧ್ವನಿ ಅಕ್ಷರ ತಪ್ಪದೆ ಉಳಿಯಲಿ

ನಿಮ್ಮ ಮನೆಯ ಕಪಾಟಿನ ಮೇಲಿನ ಖಾನೆಯನ್ನು ಒಮ್ಮೆ ತೆರೆದು ನೋಡಿ. ಮದುವೆಯ ಆಲ್ಬಮ್, ಮಕ್ಕಳ ಹಳೆಯ ಅಂಕಪಟ್ಟಿ, ಮನೆಪತ್ರಗಳ ನಡುವೆ ನಾಲ್ಕಾರು ಸಿಡಿಗಳು ಖಂಡಿತ ಇರುತ್ತವೆ. ಕೆಲವಕ್ಕೆ ಪ್ಲಾಸ್ಟಿಕ್ ಡಬ್ಬಿಯಿದೆ, ಕೆಲವು ಬರಿಯ ಕಾಗದದ ಲಕೋಟೆಯಲ್ಲಿವೆ. ಒಂದರ ಮೇಲೆ ಯಾರದೋ ಅಕ್ಷರದಲ್ಲಿ "ಅಬ್ಬಾ - ಯಾಸೀನ್" ಎಂದೋ, "ನಿಕಾಹ್ 2003" ಎಂದೋ ಬರೆದಿರುತ್ತದೆ. ಅದನ್ನು ಹಾಕಿ ಕೇಳಲು ಮನೆಯಲ್ಲಿ ಈಗ ಪ್ಲೇಯರೇ ಇಲ್ಲ. ಎಸೆಯಲು ಮನಸ್ಸು ಒಪ್ಪುವುದಿಲ್ಲ. ಹಾಗೆಯೇ ಇಟ್ಟಿದ್ದೀರಿ. ಆದರೆ ಹಾಗೆಯೇ ಇಟ್ಟ ಮಾತ್ರಕ್ಕೆ ಅದು ಹಾಗೆಯೇ ಉಳಿಯುವುದಿಲ್ಲ.

ರಾಮದುರ್ಗದಲ್ಲಿರುವ ನನ್ನ ಖಾಲಾರ ಬಳಿ ಅಂಥದೊಂದು ಸಿಡಿ ಇತ್ತು. 2005ರ ರಮಝಾನಿನಲ್ಲಿ ನಾನಾ ಮನೆಯಲ್ಲಿ ಕುಳಿತು ಸೂರಃ ಯಾಸೀನ್ ಓದಿದ್ದನ್ನು ಮಾಮು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿದ್ದರು. ಮರುವರ್ಷ ಅದನ್ನು ಹುಬ್ಬಳ್ಳಿಯಲ್ಲಿ ಸಿಡಿಗೆ ಹಾಕಿಸಿದರು. ಸಿಡಿ ಬಂತಲ್ಲ ಎಂಬ ಧೈರ್ಯದಲ್ಲಿ ಕ್ಯಾಸೆಟ್ಟನ್ನು ಮಕ್ಕಳ ಕೈಗೆ ಕೊಟ್ಟರು. ಅವರು ಅದರ ಮೇಲೆ ಏನೇನೋ ರೆಕಾರ್ಡ್ ಮಾಡಿದರು. ನಾನಾ ತೀರಿಕೊಂಡ ಮೇಲೆ ಅವರ ಧ್ವನಿ ಎಂದು ಉಳಿದದ್ದು ಆ ಒಂದು ಸಿಡಿ ಮಾತ್ರ.

ಬೈಲಹೊಂಗಲಕ್ಕೆ ಬಂದಾಗ ಖಾಲಾ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಡಲು ಹೇಳಿದರು. ಅಂಗಡಿಯ ಹುಡುಗ, "ಅಕ್ಕಾರ, ಇದರಾಗ ಏನೈತ್ರಿ, ಐದ ನಿಮಿಷದ ಕೆಲಸ" ಎಂದ. ಐದು ನಿಮಿಷವೂ ಹಿಡಿಯಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿ ತುಂಬಿ, ಕೆಲಸ ಮುಗಿದಿದೆ ಎಂದು ತೋರಿಸಿತು. ನಾವೂ ಸಂತೋಷದಿಂದ ಮನೆಗೆ ಬಂದೆವು. ವಾರದ ನಂತರ ಹಿಫ್ಝ್ ಮಾಡುತ್ತಿರುವ ಖಾಲಾರ ಮೊಮ್ಮಗ ಅದನ್ನು ಕೇಳುತ್ತಾ ಕುಳಿತವನು ತಟ್ಟನೆ ನಿಲ್ಲಿಸಿದ. 58ನೆಯ ಆಯತ್‌ನ ಹತ್ತಿರ ಒಂದು ಸಣ್ಣ 'ಟಿಕ್' ಸದ್ದು ಬಂದು ಒಂದು ಅಕ್ಷರ ನುಂಗಿಹೋಗಿತ್ತು. "ಅಬ್ಬಾ ಇಲ್ಲೆ ಹಿಂಗ ಓದಿದ್ದಿಲ್ಲ" ಎಂದರು ಖಾಲಾ. ಅವರು ಹೇಳಿದ್ದು ಸರಿ. ನಾನಾ ತಪ್ಪಿರಲಿಲ್ಲ, ಸಿಡಿಯೂ ಪೂರ್ತಿ ಕೆಟ್ಟಿರಲಿಲ್ಲ. ತಪ್ಪಿದ್ದು ಓದಿದ ಡ್ರೈವ್, ಮತ್ತು ಆ ತಪ್ಪನ್ನು ಒಪ್ಪಿಕೊಳ್ಳುವಂತೆ ನಾವು ಅದಕ್ಕೆ ಹೇಳಿರಲಿಲ್ಲ.

ಈ ಲೇಖನ ಅದನ್ನು ಹೇಳುವುದು ಹೇಗೆ ಎಂಬುದರ ಬಗ್ಗೆ. ಕಂಪ್ಯೂಟರ್ ವಿಷಯವೆಂದು ಪುಟ ತಿರುವಿಬಿಡಬೇಡಿ. ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಮೊದಲು ಯಾವ ಸಿಡಿ ಎಂದು ತಿಳಿಯಿರಿ

ನಮ್ಮ ಮನೆಗಳಲ್ಲಿರುವ ಸಿಡಿಗಳು ನೋಡಲು ಒಂದೇ ತರಹ, ಒಳಗೆ ಬೇರೆ ಬೇರೆ. 2000ದ ದಶಕದಲ್ಲಿ ಇಡೀ ಕುರ್‌ಆನ್ ಪಾರಾಯಣ ಒಂದೇ ಸಿಡಿಯಲ್ಲಿ ಎಂದು ಮಾರಾಟವಾಗುತ್ತಿದ್ದವಲ್ಲ, ಅವು ಎಂಪಿ3 ಸಿಡಿಗಳು. ಕಂಪ್ಯೂಟರಿಗೆ ಹಾಕಿದರೆ ಅವುಗಳಲ್ಲಿ ಎಂಪಿ3 ಎಂಬ ಹೆಸರಿನ ಫೈಲುಗಳು ಕಾಣುತ್ತವೆ. ಅವನ್ನು ಕಾಪಿ ಮಾಡಿ ಪೇಸ್ಟ್ ಮಾಡಿದರೆ ಸಾಕು. ಮದುವೆಯ ವಿಸಿಡಿಗಳಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರ್ ಇದ್ದು, ಅದರೊಳಗಿನ ದೊಡ್ಡ ಡ್ಯಾಟ್ ಫೈಲ್‌ನಲ್ಲಿ ಚಿತ್ರವಿರುತ್ತದೆ. ಅದರ ದಾರಿಯೇ ಬೇರೆ, ಇಲ್ಲಿ ಬೇಡ.

ಮೂರನೆಯದು ಆಡಿಯೊ ಸಿಡಿ. ಇದನ್ನು ತೆರೆದರೆ ಟ್ರ್ಯಾಕ್01, ಟ್ರ್ಯಾಕ್02 ಎಂದು ಸಿಡಿಎ ಹೆಸರಿನ ಪುಟ್ಟ ಪುಟ್ಟ ಫೈಲುಗಳು ಕಾಣುತ್ತವೆ. ಒಂದೊಂದು ಕೇವಲ 44 ಬೈಟ್. ಇವನ್ನು ಕಾಪಿ ಮಾಡಿಕೊಂಡು, "ನಮ್ಮ ಹತ್ತಿರ ಪ್ರತಿ ಇದೆ" ಎಂದು ನಂಬಿ ಸಿಡಿಯನ್ನು ಎಸೆದವರನ್ನು ನಾನು ಬಲ್ಲೆ. ಆ ಫೈಲಿನೊಳಗೆ ಧ್ವನಿಯೇ ಇರುವುದಿಲ್ಲ. ಹಾಡು ಸಿಡಿಯಲ್ಲಿ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಧ್ವನಿಯನ್ನು ಸಿಡಿಯಿಂದ ಇಳಿಸಿಕೊಳ್ಳಲು, ಅಂದರೆ ರಿಪ್ ಮಾಡಲು, ಬೇರೆ ತಂತ್ರಾಂಶ ಬೇಕು.

ಇನ್ನೊಂದು ಮಾತು. ಪ್ರಸಿದ್ಧ ಖಾರಿಗಳ ಪಾರಾಯಣದ ಸಿಡಿಗಳಿಗಾಗಿ ತುಂಬಾ ಕಷ್ಟಪಡಬೇಡಿ. ಶೈಖ್ ಅಬ್ದುಲ್ ಬಾಸಿತ್ ಅಬ್ದುಸ್ಸಮದ್‌ರ ಅಥವಾ ಶೈಖ್ ಸುದೈಸ್‌ರ ಧ್ವನಿ ಲೋಕದಲ್ಲೆಲ್ಲ ಸಿಗುತ್ತದೆ. ನಿಮ್ಮ ನಾನಾರ ಧ್ವನಿ ನಿಮ್ಮ ಕಪಾಟಿನಲ್ಲಿ ಮಾತ್ರ ಇದೆ. ಶ್ರಮವೆಲ್ಲ ಅಂತಹ ಸಿಡಿಗೆ ಮೀಸಲಿರಲಿ.

ಸಿಡಿ ತಪ್ಪನ್ನು ಹೇಗೆ ಮುಚ್ಚುತ್ತದೆ?

ಆಡಿಯೊ ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಫಿಲಿಪ್ಸ್ ಮತ್ತು ಸೋನಿ ಕಂಪೆನಿಗಳು ಜೊತೆಯಾಗಿ ರೂಪಿಸಿದ ವ್ಯವಸ್ಥೆ ಅದು. ಧ್ವನಿಯ ಒಂದು ಸೆಕೆಂಡನ್ನು 44,100 ಚೂರುಗಳಾಗಿ ಅಳೆದು ಅಂಕಿಗಳಲ್ಲಿ ಬರೆದಿಡುತ್ತಾರೆ. ಈ ಚೂರಿಗೆ ಸ್ಯಾಂಪಲ್ ಎಂದು ಹೆಸರು. ಆ ಒಂದು ಸೆಕೆಂಡನ್ನೇ ಮತ್ತೆ 75 ತುಂಡು ಮಾಡಿದರೆ ಒಂದೊಂದು ತುಂಡು ಒಂದು ಸೆಕ್ಟರ್.

ಗೀರು ಬಿದ್ದರೂ ಕೆಡಬಾರದೆಂದು ಅಂಕಿಗಳನ್ನು ಸಾಲಾಗಿ ಬರೆಯದೆ ಚದುರಿಸಿ, ಜೊತೆಗೆ ತಿದ್ದುವ ಲೆಕ್ಕಗಳನ್ನೂ ಸೇರಿಸಿ ಬರೆದಿರುತ್ತಾರೆ. ಆದ್ದರಿಂದ ಸಾಲಿನುದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಡ್ರೈವ್ ಮೂಲ ಧ್ವನಿಯನ್ನೇ ಪೂರ್ತಿಯಾಗಿ ಮರಳಿ ಕಟ್ಟಬಲ್ಲದು. ಅದನ್ನು ಮೀರಿದರೆ? ಫೈಲುಗಳಿರುವ ಡೇಟಾ ಸಿಡಿಯಾದರೆ ಇನ್ನೊಂದು ಹಂತದ ಕಾವಲಿದೆ. 2,352 ಬೈಟ್‌ಗಳ ಸೆಕ್ಟರಿನಲ್ಲಿ 2,048 ಮಾತ್ರ ಮಾಹಿತಿಗೆ, ಉಳಿದದ್ದರಲ್ಲಿ ಬಹುಪಾಲು ತಪ್ಪು ಹಿಡಿಯಲಿಕ್ಕೆ. ಅಲ್ಲಿ ಓದಲಾಗದಿದ್ದರೆ ಕಂಪ್ಯೂಟರ್ ಜಗಳಕ್ಕೆ ನಿಲ್ಲುತ್ತದೆ, ಕಾಪಿ ಆಗುವುದೇ ಇಲ್ಲ. ಆಡಿಯೊ ಸಿಡಿಯಲ್ಲಿ 2,352 ಬೈಟ್‌ಗಳೂ ಧ್ವನಿಗೇ ಖರ್ಚಾಗಿವೆ. ಎರಡನೆಯ ಕಾವಲುಗಾರನಿಲ್ಲ. ಪ್ಲೇಯರ್ ನಡುನಡುವೆ ನಿಂತುಹೋಗಬಾರದೆಂದು, ಓದಲಾಗದ ಜಾಗದಲ್ಲಿ ಅಕ್ಕಪಕ್ಕದ ಧ್ವನಿ ನೋಡಿ ಊಹಿಸಿ ತುಂಬುತ್ತದೆ. ಊಹೆಗೂ ಸಿಗದಷ್ಟು ದೊಡ್ಡದಾದರೆ ಮೌನ, ಇಲ್ಲವೇ 'ಟಿಕ್' ಸದ್ದು.

ಪ್ಲೇಯರಿನಲ್ಲಿ ಒಮ್ಮೆ ಕೇಳಿ ಬಿಡುವಾಗ ಇದು ಉಪಕಾರವೇ. ಮುಂದಿನ ತಲೆಮಾರಿಗೆ ಪ್ರತಿ ತೆಗೆಯುವಾಗ ಇದೇ ಅಪಾಯ. ಊಹಿಸಿದ್ದು ಎಲ್ಲಿ, ಓದಿದ್ದು ಎಲ್ಲಿ ಎಂದು ಯಾರೂ ನಿಮಗೆ ಹೇಳುವುದಿಲ್ಲ. ಕುರ್‌ಆನ್ ಪಾರಾಯಣದಲ್ಲಿ ಒಂದು ಹರಕತ್ ಹೆಚ್ಚುಕಡಿಮೆಯಾದರೂ ಉಸ್ತಾದರು ತಿದ್ದುತ್ತಾರೆ. ಯಂತ್ರದ ಊಹೆಯನ್ನು ಮಾತ್ರ ನಾವು ಹಾಗೆಯೇ ನುಂಗಿಬಿಡುತ್ತೇವೆ.

ಡ್ರೈವ್‌ಗೆ ಹೇಳಬೇಕಾದ ಮಾತು

ಇದಕ್ಕಾಗಿ ಹಲವು ತಂತ್ರಾಂಶಗಳಿವೆ. ಜರ್ಮನಿಯ ಆಂಡ್ರೆ ವೀಥಾಫ್ 1998ರಲ್ಲಿ ರೂಪಿಸಿದ 'ಎಕ್ಸಾಕ್ಟ್ ಆಡಿಯೊ ಕಾಪಿ' ವಿಂಡೋಸ್ ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತದೆ. ಲಿನಕ್ಸ್‌ನಲ್ಲಿ ಸಿಡಿಪ್ಯಾರನಾಯ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಇದೇ ಕೆಲಸ ಮಾಡುತ್ತವೆ. ಇಷ್ಟೆಲ್ಲ ಬೇಡವೆನ್ನುವವರು ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲೇ ಡ್ರೈವ್‌ನ ಪ್ರಾಪರ್ಟೀಸ್ ತೆರೆದು 'ಯೂಸ್ ಎರರ್ ಕರೆಕ್ಷನ್' ಎಂಬುದಕ್ಕೆ ಗುರುತು ಹಾಕಬಹುದು. ಏನೂ ಮಾಡದಿರುವುದಕ್ಕಿಂತ ಅದು ಮೇಲು. ಆದರೆ ತಪ್ಪು ಎಲ್ಲಾಯಿತೆಂದು ಅದು ಬರೆದು ಕೊಡುವುದಿಲ್ಲ. ನಾನು ಎಕ್ಸಾಕ್ಟ್ ಆಡಿಯೊ ಕಾಪಿಯ ಬಗ್ಗೆಯೇ ಹೇಳುತ್ತೇನೆ.

ಲ್ಯಾಪ್‌ಟಾಪ್‌ಗಳಲ್ಲಿ ಈಗ ಸಿಡಿ ಡ್ರೈವ್ ಬರುವುದು ಅಪರೂಪ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ರೈಟರ್ ಸಾಕು. ಸಂಬಂಧಿಕರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಡೆಸ್ಕ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು.

ತಂತ್ರಾಂಶ ಹಾಕಿದ ಮೇಲೆ ಎಫ್10 ಒತ್ತಿದರೆ ಡ್ರೈವ್ ಆಪ್ಷನ್ಸ್ ತೆರೆಯುತ್ತದೆ. ಮೊದಲ ಪುಟದಲ್ಲೇ ಮುಖ್ಯವಾದದ್ದೆಲ್ಲ ಇದೆ. 'ಬರ್ಸ್ಟ್ ಮೋಡ್' ಎಂಬುದು ವೇಗವಾಗಿ ಒಂದೇ ಸಲ ಓದಿ ಮುಗಿಸುವ ವಿಧಾನ. ನಮ್ಮ ಅಂಗಡಿಯ ಹುಡುಗ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಅದು ಬೇಡ. 'ಸೆಕ್ಯೂರ್ ಮೋಡ್' ಆರಿಸಿ. ಇದರಲ್ಲಿ ತಂತ್ರಾಂಶ ಪ್ರತಿಯೊಂದು ತುಂಡನ್ನೂ ಕನಿಷ್ಠ ಎರಡು ಬಾರಿ ಓದಿಸುತ್ತದೆ. ಎರಡೂ ಓದು ಒಂದೇ ಆಗಿದ್ದರೆ ಮುಂದೆ. ವ್ಯತ್ಯಾಸ ಬಂದರೆ 16 ಸಲ ಓದಿಸಿ, ಅದರಲ್ಲಿ 8 ಓದಾದರೂ ಒಂದೇ ತರಹ ಬಂದರೆ ಮಾತ್ರ ಒಪ್ಪುತ್ತದೆ. 'ಎರರ್ ರಿಕವರಿ ಕ್ವಾಲಿಟಿ'ಯನ್ನು ಹೈ ಎಂದಿಟ್ಟರೆ ಈ 16ರ ಸುತ್ತನ್ನು ಐದು ಬಾರಿವರೆಗೆ ಮಾಡುತ್ತದೆ. ಒಂದು ಸೆಕೆಂಡಿನ 75ನೇ ಒಂದು ಭಾಗಕ್ಕಾಗಿ 80ಕ್ಕೂ ಹೆಚ್ಚು ಸಲ!

ಹ. ಅಬೂಬಕರ್(ರ)ರ ಕಾಲದಲ್ಲಿ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆ ಹೊತ್ತ ಹ. ಝೈದ್ ಬಿನ್ ಸಾಬಿತ್(ರ)ರು, ಸ್ವತಃ ಕಂಠಪಾಠ ಬಲ್ಲವರಾಗಿದ್ದರೂ ಇಬ್ಬರು ಸಾಕ್ಷಿಗಳಿಲ್ಲದೆ ಬರಹವನ್ನು ಸ್ವೀಕರಿಸುತ್ತಿರಲಿಲ್ಲವೆಂದು ಇತಿಹಾಸದಲ್ಲಿ ಓದುತ್ತೇವೆ. ಆ ಮಹತ್ಕಾರ್ಯಕ್ಕೆ ಯಂತ್ರವನ್ನು ಹೋಲಿಸುವ ಉದ್ದೇಶ ನನಗಿಲ್ಲ. ಎರಡು ಸಾಕ್ಷಿ ಏಕೆ ಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಅನೇಕ ಡ್ರೈವ್‌ಗಳಿಗೆ ಒಂದು ಚಿಕ್ಕ ನೆನಪಿನ ಚೀಲವಿದೆ. ಒಮ್ಮೆ ಓದಿದ್ದನ್ನು ಸ್ವಲ್ಪ ಹೊತ್ತು ಅದರಲ್ಲಿ ಇಟ್ಟುಕೊಳ್ಳುತ್ತವೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. "ಮತ್ತೊಮ್ಮೆ ಓದು" ಎಂದರೆ ಡ್ರೈವ್ ಸಿಡಿಯನ್ನು ನೋಡುವುದೇ ಇಲ್ಲ, ಚೀಲದಿಂದ ಮೊದಲಿನದನ್ನೇ ತೆಗೆದು ಕೊಡುತ್ತದೆ. ತಪ್ಪಾಗಿ ಓದಿದ್ದರೆ ಅದೇ ತಪ್ಪು ಎರಡನೆಯ ಸಲವೂ ಬರುತ್ತದೆ. ಎರಡೂ ಹೊಂದಿದವು, ಸರಿ ಎಂದು ತಂತ್ರಾಂಶ ನಂಬುತ್ತದೆ. ಒಬ್ಬನೇ ಮನುಷ್ಯ ಎರಡು ಸಹಿ ಮಾಡಿ ಇಬ್ಬರು ಸಾಕ್ಷಿ ಎಂದಂತೆ. ಆದ್ದರಿಂದ 'ಡ್ರೈವ್ ಕ್ಯಾಶಸ್ ಆಡಿಯೊ ಡೇಟಾ' ಎಂಬ ಸಾಲಿಗೆ ಗುರುತು ಹಾಕಿ. ಆಗ ತಂತ್ರಾಂಶ ಆ ಚೀಲವನ್ನು ಖಾಲಿ ಮಾಡಿಸಿಯೇ ಮತ್ತೆ ಓದಿಸುತ್ತದೆ. 'ಡಿಟೆಕ್ಟ್ ರೀಡ್ ಫೀಚರ್ಸ್' ಎಂಬ ಗುಂಡಿ ಒತ್ತಿದರೆ ತಂತ್ರಾಂಶವೇ ನಿಮ್ಮ ಡ್ರೈವನ್ನು ಪರೀಕ್ಷಿಸಿ ಹೇಳುತ್ತದೆ. ಪರೀಕ್ಷೆಗೆ ಗೀರಿಲ್ಲದ ಒಳ್ಳೆಯ ಸಿಡಿ ಹಾಕಿ. ಫಲಿತಾಂಶದ ಬಗ್ಗೆ ಸಂಶಯವಿದ್ದರೆ ಗುರುತು ಇರಲಿ. ನಿಧಾನವಾಗುತ್ತದೆ, ನಷ್ಟವೇನಿಲ್ಲ.

ಅದರ ಪಕ್ಕದಲ್ಲೇ 'ಸಿ2' ಎಂಬ ಸಾಲಿದೆ. ನಾನು ಓದಿದ್ದು ಇಲ್ಲಿ ತಪ್ಪಾಗಿದೆ ಎಂದು ಡ್ರೈವ್ ತಾನೇ ಹೇಳುವ ಸೌಲಭ್ಯ ಅದು. ಕೇಳಲು ಚೆನ್ನಾಗಿದೆ, ಕೆಲಸವೂ ಬೇಗ ಆಗುತ್ತದೆ. ಆದರೆ ಎಲ್ಲ ಡ್ರೈವ್‌ಗಳೂ ಈ ವಿಷಯದಲ್ಲಿ ನಿಜ ಹೇಳುವುದಿಲ್ಲ. ಕೆಲವು ಅರ್ಧ ತಪ್ಪು ಹೇಳಿ ಅರ್ಧ ಮುಚ್ಚಿಡುತ್ತವೆ. ಇದಕ್ಕೆ ಗುರುತು ಹಾಕದಿರುವುದೇ ಲೇಸು. 'ಆಕ್ಯುರೇಟ್ ಸ್ಟ್ರೀಮ್' ಎಂಬುದು ನಿಲ್ಲಿಸಿದ ಜಾಗದಿಂದಲೇ ಸರಿಯಾಗಿ ಮುಂದುವರಿಯುವ ಗುಣ. ಈಗಿನ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಮುಂದಿನ ಪುಟದಲ್ಲಿ ವೇಗವಿದೆ. 48 ಪಟ್ಟು ವೇಗದ ಡ್ರೈವ್‌ನಲ್ಲಿ ಸಿಡಿ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಗೀರು ಬಿದ್ದ, ಸ್ವಲ್ಪ ಬಾಗಿದ ಸಿಡಿಗೆ ಅದು ಹೆಚ್ಚು. ಓದಲು ಕಷ್ಟವಾದಾಗ ವೇಗ ತಗ್ಗಿಸಲು ಅನುಮತಿ ಕೊಡುವ ಸಾಲಿಗೆ ಗುರುತು ಹಾಕಿ.

ಅದೇ ಪುಟದಲ್ಲಿ 'ಆಫ್‌ಸೆಟ್' ಎಂಬ ಮಾತು ಬರುತ್ತದೆ. ಬಲ್ಲವರು ಇದರ ಬಗ್ಗೆಯೇ ಹೆಚ್ಚು ಮಾತಾಡುತ್ತಾರೆ. ಪ್ರತಿ ಮಾದರಿಯ ಡ್ರೈವೂ ಧ್ವನಿಯನ್ನು ಸರಿಯಾದ ಜಾಗಕ್ಕಿಂತ ಕೆಲವು ಸ್ಯಾಂಪಲ್ ಹಿಂದೆ ಅಥವಾ ಮುಂದೆ ಶುರು ಮಾಡುತ್ತದೆ. ಒಂದರಲ್ಲಿ 6, ಇನ್ನೊಂದರಲ್ಲಿ 667. 667 ಎಂದರೂ ಒಂದು ಸೆಕೆಂಡಿನ ನೂರನೇ ಒಂದೂವರೆ ಭಾಗವಷ್ಟೇ, ಕಿವಿಗೆ ಗೊತ್ತಾಗುವುದಿಲ್ಲ. ಕಂಪೆನಿಯ ಸಿಡಿಗಳಿಗೆ ಇದನ್ನು ಸರಿಪಡಿಸಿಕೊಂಡರೆ, ಆಕ್ಯುರೇಟ್‌ರಿಪ್ ಎಂಬ ಅಂತರ್ಜಾಲ ಸಂಗ್ರಹದ ಮೂಲಕ ಅದೇ ಸಿಡಿಯನ್ನು ಇಳಿಸಿಕೊಂಡ ಬೇರೆಯವರ ಫಲಿತಾಂಶದೊಂದಿಗೆ ನಿಮ್ಮದನ್ನು ಹೋಲಿಸಿ ನೋಡಬಹುದು. ಆ ಸಂಗ್ರಹದಲ್ಲಿರುವ ಯಾವುದಾದರೂ ಹೆಸರಾಂತ ಸಿಡಿ ಹಾಕಿದರೆ ಆಫ್‌ಸೆಟ್ ತಾನಾಗಿಯೇ ತಿಳಿಯುತ್ತದೆ. ಚಿತ್ರಗೀತೆಯ ಸಿಡಿ ನಮ್ಮ ಮನೆಯಲ್ಲಿಲ್ಲ ಎನ್ನುವವರು ಚಿಂತಿಸಬೇಕಿಲ್ಲ. ಮನೆಯಲ್ಲಿ ಬರೆಸಿದ ಸಿಡಿಯನ್ನು ಲೋಕದಲ್ಲಿ ಬೇರೆ ಯಾರೂ ಇಳಿಸಿಕೊಂಡಿಲ್ಲ, ಹೋಲಿಸಲು ಏನೂ ಇಲ್ಲ. ಅದಕ್ಕೆ ಆಫ್‌ಸೆಟ್ ಬಿಟ್ಟುಬಿಡಿ.

ಹಾಗಾದರೆ ಮನೆಯ ಸಿಡಿ ಸರಿಯಾಗಿ ಬಂತೆಂದು ತಿಳಿಯುವುದು ಹೇಗೆ? ಎಫ್6 ಒತ್ತಿ, 'ಟೆಸ್ಟ್ ಅಂಡ್ ಕಾಪಿ' ಮಾಡಿ. ಇಡೀ ಟ್ರ್ಯಾಕನ್ನು ಮೊದಲು ಓದಿ ಒಂದು ಲೆಕ್ಕದ ಸಂಖ್ಯೆ ತೆಗೆಯುತ್ತದೆ, ಮತ್ತೆ ಮೊದಲಿನಿಂದ ಓದಿ ಫೈಲು ಮಾಡಿ ಇನ್ನೊಂದು ಸಂಖ್ಯೆ ತೆಗೆಯುತ್ತದೆ. ಸಿಆರ್‌ಸಿ ಎಂಬ ಈ ಎರಡು ಸಂಖ್ಯೆಗಳೂ ಒಂದೇ ಆಗಿರಬೇಕು. ಕೊನೆಯಲ್ಲಿ ಬರುವ ವರದಿಯನ್ನು ಓದದೆ ಮುಚ್ಚಬೇಡಿ. ಕ್ವಾಲಿಟಿ 99.8 ಎಂದಿದ್ದರೆ ಗಾಬರಿ ಬೇಡ, ಕೆಲವು ಕಡೆ ಮತ್ತೆ ಮತ್ತೆ ಓದಬೇಕಾಯಿತು ಎಂದಷ್ಟೇ ಅದರ ಅರ್ಥ. 'ಸಸ್ಪಿಷಸ್ ಪೊಸಿಶನ್' ಎಂದು ಸಮಯ ತೋರಿಸಿದ್ದರೆ ಅಲ್ಲಿ ಓದು ನಂಬುವಂತಿಲ್ಲ. ಆ ಜಾಗವನ್ನು ಕಿವಿಗೊಟ್ಟು ಕೇಳಿ.

ನಾನಾರ ಸಿಡಿಗೆ ಮೊದಲ ಸಲ ಹೀಗೆ ಮಾಡಿದಾಗ 13ನೆಯ ನಿಮಿಷದಲ್ಲಿ ಆ ಮಾತೇ ಬಂತು. ಹಿಂದಿನ ಸಲ ಹಸಿರು ಪಟ್ಟಿ ಅದನ್ನು ಹೇಳಿರಲಿಲ್ಲ. ಕಿತ್ತೂರಿನಲ್ಲಿ ನನ್ನ ನಾದಿನಿಯ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದೆ ಎಂದು ನೆನಪಾಗಿ ಅಲ್ಲಿಗೆ ಒಯ್ದೆವು. ಒಂದು ಡ್ರೈವ್ ಕೈಬಿಟ್ಟ ಸಿಡಿಯನ್ನು ಇನ್ನೊಂದು ಓದುವುದು ಅಪರೂಪವಲ್ಲ. ಹತ್ತೊಂಬತ್ತು ನಿಮಿಷದ ಟ್ರ್ಯಾಕಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡೂ ಸಂಖ್ಯೆಗಳು ಹೊಂದಿದವು. 58ನೆಯ ಆಯತ್‌ನಲ್ಲಿ ನುಂಗಿಹೋಗಿದ್ದ ಅಕ್ಷರ ಅಲ್ಲೇ ಇತ್ತು. ಅಲ್‌ಹಮ್ದುಲಿಲ್ಲಾಹ್.

ಒರೆಸುವ ಮುನ್ನ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಕೆಸರಿನಿಂದ ಎತ್ತಿದ ಸಿಡಿಗಳನ್ನು ಕೆಲವರು ಸೆರಗಿನಿಂದ ಗಸಗಸನೆ ಉಜ್ಜಿದರು. ನೀರಿಗಿಂತ ಹೆಚ್ಚು ಹಾನಿ ಮಾಡಿದ್ದು ಆ ಉಜ್ಜುವಿಕೆ. ಕೆಸರಿನ ಮರಳಿನ ಕಣವೇ ಗೀರು ಹಾಕುತ್ತದೆ. ಮೊದಲು ತಿಳಿನೀರಿನಲ್ಲಿ ಅದ್ದಿ ಕೆಸರು ಬಿಡಿಸಿ. ಆಮೇಲೆ ಮೆತ್ತಗಿನ ಹತ್ತಿ ಬಟ್ಟೆಯಿಂದ ನಡುವಿನ ರಂಧ್ರದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದಂತೆ ಸುತ್ತಲೂ ಒರೆಸಬೇಡಿ. ಸಿಡಿಯಲ್ಲಿ ಬರಹ ಸುತ್ತು ಸುತ್ತಾಗಿ ಇದೆ. ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಸ್ವಲ್ಪವೇ ಕೆಡಿಸುತ್ತದೆ, ಸುತ್ತು ಗೀರು ಒಂದೇ ಸಾಲನ್ನು ಉದ್ದಕ್ಕೂ ಅಳಿಸುತ್ತದೆ. ಆಗ 2.5 ಮಿಲಿಮೀಟರಿನ ಲೆಕ್ಕ ತಪ್ಪುತ್ತದೆ.

ಹೊಳೆಯುವ ಬದಿಯನ್ನು ಮಾತ್ರ ಜೋಪಾನ ಮಾಡಿ, ಹೆಸರು ಬರೆದ ಬದಿಯನ್ನು ಮೇಜಿನ ಮೇಲೆ ಜಾರಿಸುವವರೇ ಹೆಚ್ಚು. ವಾಸ್ತವದಲ್ಲಿ ಧ್ವನಿಯ ಪದರ ಇರುವುದು ಹೆಸರಿನ ಬದಿಯ ತೆಳು ಬಣ್ಣದ ಕೆಳಗೇ. ಹೊಳೆಯುವ ಬದಿಯ ಗೀರನ್ನು ಪಾಲಿಶ್ ಮಾಡಿಸಬಹುದು. ಮೇಲಿನ ಪದರ ಕಿತ್ತುಬಂದರೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಕಾಗದದ ಚೀಟಿ ಅಂಟಿಸಬೇಡಿ. ಮನೆಯಲ್ಲಿ ಬರೆಸಿದ ಸಿಡಿಗಳ ಒಳಗಿರುವುದು ಒಂದು ರೀತಿಯ ಬಣ್ಣ. ಬಿಸಿಲು, ಶಾಖಕ್ಕೆ ಅದು ಮಾಸುತ್ತದೆ. ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿಟ್ಟ ಸಿಡಿಗೆ ನಮ್ಮ ಕಡೆಯ ಒಂದೊಂದು ಬೇಸಿಗೆಯೂ ಭಾರವೇ.

ಇಳಿಸಿಕೊಂಡದ್ದನ್ನು ಫ್ಲ್ಯಾಕ್ ರೂಪದಲ್ಲಿ ಇಡಿ. ಡಬ್ಲ್ಯುಎವಿ ನಿಮಿಷಕ್ಕೆ 10 ಎಂಬಿ ತಿನ್ನುತ್ತದೆ. ಫ್ಲ್ಯಾಕ್‌ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ ಸಾಕು, ಧ್ವನಿಯ ಒಂದು ಚೂರೂ ಕಳೆಯುವುದಿಲ್ಲ. ಮೊಬೈಲಿಗೆ ಬೇಕಾದ ಎಂಪಿ3ಯನ್ನು ಅದರಿಂದ ಮಾಡಿಕೊಳ್ಳಿ. ಎಂಪಿ3 ಒಂದನ್ನೇ ಇಟ್ಟುಕೊಂಡು ಮೂಲವನ್ನು ಬಿಡಬೇಡಿ. ಪೆನ್‌ಡ್ರೈವ್ ಎರಡಿರಲಿ, ಅವು ಎರಡು ಊರಿನ ಎರಡು ಮನೆಗಳಲ್ಲಿರಲಿ. ವರದಿಯ ಫೈಲೂ ಜೊತೆಗಿರಲಿ.

ಖಾಲಾರ ಸುದ್ದಿ ಹರಡಿ, ಸವದತ್ತಿಯಿಂದ ಪರಿಚಯದ ಒಬ್ಬ ಹೆಂಗಸು ಒಂದು ಸಿಡಿ ತಂದುಕೊಟ್ಟಿದ್ದಾರೆ. ಅವರ ಮಾವನವರು ಮೊಹರಮ್‌ನಲ್ಲಿ ಹಾಡುತ್ತಿದ್ದ ಕನ್ನಡದ ರಿವಾಯತ್ ಪದಗಳು ಅದರಲ್ಲಿವೆ. ಮೊಹರಮ್ ಆಚರಣೆಯ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಹುಸೇನ್(ರ)ರ ಕಥೆಯನ್ನು ನಮ್ಮ ಭಾಗದ ಹಳ್ಳಿಗಳಲ್ಲಿ ಮುಸ್ಲಿಮರೂ ಹಿಂದೂಗಳೂ ಕೂಡಿ ಕನ್ನಡದಲ್ಲಿ ಹಾಡಿದ ಧ್ವನಿ ಅದು ಎಂಬುದರಲ್ಲಿ ಎರಡು ಮಾತಿಲ್ಲ. ಆ ಹಿರಿಯರು ಈಗಿಲ್ಲ. 11 ಟ್ರ್ಯಾಕ್‌ಗಳಲ್ಲಿ 8 ಬಂದಿವೆ, ಸಂಖ್ಯೆಗಳೂ ಹೊಂದಿವೆ. ಕೊನೆಯ ಮೂರು ಸಿಡಿಯ ಹೊರ ಅಂಚಿನಲ್ಲಿವೆ. ಅಲ್ಲಿ ಯಾರೋ ಚೀಟಿ ಅಂಟಿಸಿ ಕಿತ್ತಿದ್ದಾರೆ. ಎರಡು ಡ್ರೈವ್ ಕೈಬಿಟ್ಟಿವೆ, ಮೂರನೆಯದನ್ನು ಹುಡುಕುತ್ತಿದ್ದೇನೆ.